ರಾಹೇಲವ್ವನ ಹಿಡಿ ಜೋಳ

ಬೆಟಗೇರಿಯ ಹಳೆಯ ಕ್ರೈಸ್ತ ಮನೆಗಳಲ್ಲಿ ಒಂದು ಪದ್ಧತಿ ಇತ್ತು...

ದಿನಾ ಬೆಳಿಗ್ಗೆ ಬೀಸಲು ಕೂಡುವ ಮೊದಲು ಮನೆಯ ಹೆಣ್ಣುಮಗಳು ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಅದು ದೇವರ ಪಾಲು.

ಭಾನುವಾರ ಅದು ಚರ್ಚಿಗೆ ಹೋಗುತ್ತಿತ್ತು. ಅಲ್ಲಿಂದ ಯಾವ ಬಡವರ ಮನೆಗೆ ಹೋಗುತ್ತಿತ್ತು ಎಂಬುದನ್ನು ಸಭೆಯ ಹಿರಿಯರು ಯಾರಿಗೂ ಹೇಳುತ್ತಿರಲಿಲ್ಲ.

ರಾಹೇಲವ್ವ ಈ ಹಿಡಿ ಜೋಳವನ್ನು ಒಂದು ದಿನವೂ ತಪ್ಪಿಸಿದವಳಲ್ಲ. ನೇಕಾರ ಗಂಡ ಜ್ವರದಲ್ಲಿ ತೀರಿಕೊಂಡಾಗ ಮಗಳು ಸುಗುಣಾಗೆ ಏಳು ವರ್ಷ. ಆಮೇಲೂ ತಪ್ಪಿಸಲಿಲ್ಲ.

"ನಾಳಿಗೆ ಏನವ್ವಾ?" ಎಂದು ಮಗಳು ಕೇಳಿದರೆ ಒಂದೇ ಉತ್ತರ... "ಇವತ್ತಿಂದು ದೇವರು ಕೊಟ್ಟಾನಲ್ಲ. ನಾಳಿದು ನಾಳೆ ಕೇಳೂಣು."

ಬೀಸುಕಲ್ಲಿನ ಸದ್ದು, ಅವ್ವನ ಸಣ್ಣ ದನಿಯ ಹಾಡು, ಹಂಚಿನ ಮೇಲೆ ಉಬ್ಬುವ ರೊಟ್ಟಿ... ಆ ಬಡತನದಲ್ಲೂ ಎಂಥ ನೆಮ್ಮದಿ ಇತ್ತು.

ಆ ಮಗಳು ಸುಗುಣಾಬಾಯಿಗೆ ಈಗ ಅರವತ್ತೆರಡು. ಟೀಚರ್ ಆಗಿ ರಿಟೈರ್ ಆದವರು. ಓಣಿಯವರೆಲ್ಲ ಈಗಲೂ 'ಅಕ್ಕೋರು' ಎಂದೇ ಕರೆಯುತ್ತಾರೆ.

ಅಕ್ಕೋರಿಗೆ ಒಂದು ಹೆಮ್ಮೆ... "ನಮ್ಮದು ಕೊಡೂ ಮನಿ. ನಮ್ಮವ್ವ ಒಬ್ಬರ ಮುಂದ ಕೈ ಚಾಚಿದಾಕಿ ಅಲ್ಲ."

ಈ ಮಾತನ್ನು ಮಹಿಳಾ ಕೂಟದಲ್ಲಿ ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವರು ಶುರು ಮಾಡಿದರೆ ಉಳಿದ ಹೆಂಗಸರು ಮನಸ್ಸಿನಲ್ಲೇ ಮುಗಿಸಿಬಿಡುತ್ತಿದ್ದರು.

ಹತ್ತು ತಿಂಗಳ ಹಿಂದೆ ಗಂಡ ಜಯವಂತರಿಗೆ ಲಕ್ವಾ ಹೊಡೆಯಿತು. ಮಕ್ಕಳಿಲ್ಲ. ಎತ್ತುವುದು, ಹೊರಳಿಸುವುದು, ತೊಳೆಯುವುದು, ಉಣಿಸುವುದು... ಎಲ್ಲ ಅಕ್ಕೋರೊಬ್ಬರೇ.

ಅದೇ ಚರ್ಚಿನ ಸಭೆಯ ಕಮಲವ್ವ ನರ್ಸ್ ಆಗಿ ದುಡಿದವಳು. ಮಧ್ಯಾಹ್ನ ತಾನು ಬಂದು ನೋಡಿಕೊಳ್ಳುತ್ತೇನೆ, ಅಷ್ಟೊತ್ತು ನೀವು ಮಲಗಿ ಎಂದು ಹೇಳಿಕೊಂಡು ಬಂದಳು.

ಅಕ್ಕೋರು ಚಹಾ ಕುಡಿಸಿ, ಏನೂ ತೊಂದರೆ ಇಲ್ಲವೆಂದು ನಕ್ಕು, ವಾಪಸ್ ಕಳಿಸಿದರು. ಆಕೆ ಮತ್ತೆ ಬಂದಳು. ಮತ್ತೆ ಚಹಾ.

ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ದಿನಾ ಒಂದೇ ಪ್ರಾರ್ಥನೆ... "ಕರ್ತನೇ, ನನ್ನಿಂದ ಆಗವಲ್ದು. ಯಾರನ್ನರ ಕಳಿಸು."

ಒಂದು ಬೆಳಿಗ್ಗೆ ಗಂಡನನ್ನು ಎತ್ತುವಾಗ ಅಕ್ಕೋರ ಸೊಂಟ ಉಳುಕಿ ಇಬ್ಬರೂ ನೆಲಕ್ಕೆ ಕುಸಿದರು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕೋರು ಅರ್ಧ ಗಂಟೆ ಗೋಡೆಗೆ ಒರಗಿ ಕೂತಿದ್ದರು.

ಹೇಗೋ ಅವರನ್ನು ಹಾಸಿಗೆಗೆ ಸೇರಿಸಿದ ಮೇಲೆ ಬೈಬಲನ್ನು ಒಯ್ದು ಟ್ರಂಕಿನೊಳಗೆ ಇಟ್ಟುಬಿಟ್ಟರು. ಕೇಳಿ ಕೇಳಿ ಸಾಕಾಗಿತ್ತು...

ಅಲ್ಲಿಯವರೆಗೆ ಭಾನುವಾರ ಗಂಡನನ್ನು ಮಲಗಿಸಿ ಒಂದು ಗಂಟೆ ಚರ್ಚಿಗೆ ಹೋಗಿ ಬರುತ್ತಿದ್ದರು. ಅದೂ ನಿಂತಿತು.

ಎರಡು ಭಾನುವಾರ ಕಾದು ನೋಡಿ, ಸಭೆಯ ಹಿರಿಯರಾದ ತಿಮೋಥಿ ಅಜ್ಜ ಕೋಲು ಊರಿಕೊಂಡು ಮನೆಗೇ ಬಂದರು. ವಯಸ್ಸು ಎಂಬತ್ತೆಂಟು. ಕೈ ಹಿಡಿದು ಕರೆತಂದವಳು ಕಮಲವ್ವ.

ಚರ್ಚಿಗೆ ಯಾಕೆ ಬರಲಿಲ್ಲ ಎಂದು ಅಜ್ಜ ಕೇಳಿದ್ದೇ ತಡ, ಅಕ್ಕೋರ ಸಂಕಟವೆಲ್ಲ ಹೊರಗೆ ಬಂತು. ಹತ್ತು ತಿಂಗಳು ಬೇಡಿದರೂ ದೇವರಿಗೆ ಕೇಳಿಸಲಿಲ್ಲ ಎಂದರು. ಅವ್ವ ಒಬ್ಬರಿಂದ ಒಂದು ಕಾಳು ಇಸಿದುಕೊಳ್ಳದೆ ತಮ್ಮನ್ನು ಬೆಳೆಸಿದಳು, ಆಕೆಗೆ ಕಿವಿಗೊಟ್ಟ ದೇವರು ತಮಗೇಕೆ ಕಿವುಡಾದ ಎಂದು ಅತ್ತರು.

ಅಜ್ಜ ಕೋಲನ್ನು ಗೋಡೆಗೆ ಒರಗಿಸಿ ಕೇಳಿದರು.

"ಯವ್ವಾ ಸುಗುಣಾ... ನಿಮ್ಮಪ್ಪ ಹೋದ ಮ್ಯಾಲೆ ನಿಮ್ಮನಿಗೆ ಜೋಳ ಎಲ್ಲಿಂದ ಬರ್ತಿತ್ತು?"

"ಅವ್ವ ಬಟ್ಟಿ ಹೊಲಿತಿದ್ಲಲ್ರಿ."

"ಅದು ಎಣ್ಣಿ-ಉಪ್ಪಿಗೂ ಸಾಲತಿರಲಿಲ್ಲ. ಏಳು ವರ್ಷ, ಶನಿವಾರಕ್ಕೊಮ್ಮೆ, ಸಭಾದ ಹಿಡಿ ಜೋಳ ಚೀಲದಾಗ ತುಂಬಿ ನಿಮ್ಮ ಹಿತ್ತಲ ಬಾಗಿಲಾಗ ಇಟ್ಟು ಬಂದಾಂವ ನಾನು."



ಹಾಗೆ ಬಂದ ಜೋಳದಿಂದಲೇ ರಾಹೇಲವ್ವ ದಿನಾ ಒಂದು ಹಿಡಿ ತೆಗೆದಿಡುತ್ತಿದ್ದಳಂತೆ. ನಿನಗೇ ಸಾಲದು, ನೀ ಕೊಡುವುದು ಬಿಡು ಎಂದು ಅಜ್ಜ ಒಮ್ಮೆ ಹೇಳಿ ನೋಡಿದ್ದರು. ಅದಕ್ಕೆ ಆಕೆ, "ಅಣ್ಣಾ, ತಗೊಳ್ಳಾಕ ನನಗ ನಾಚಿಕಿ ಇಲ್ಲ. ಕೊಡಬ್ಯಾಡ ಅಂತ ಮಾತ್ರ ಹೇಳಬ್ಯಾಡ" ಎಂದಿದ್ದಳಂತೆ.

"ನನಗ ಯಾಕ ಹೇಳಲಿಲ್ಲ ಅಕಿ?" ಅಕ್ಕೋರು ಕೇಳಿದರು.

"ಮುಚ್ಚಿಟ್ಟಿರಲಿಲ್ಲ ಯವ್ವಾ. ದೇವರು ಕೊಟ್ಟ ಅಂತ ದಿನಾ ಹೇಳತಿದ್ಲಲ್ಲ. ಅಕಿಗೆ ಅದ ಖರೆ."

ಆಮೇಲೆ ಅಜ್ಜ ಮೆಲ್ಲಗೆ ಕೇಳಿದರು... "ಈ ಕಮಲವ್ವ ನಿನ್ನ ಬಾಗಿಲಿಗೆ ಎಷ್ಟು ಸಲ ಬಂದಾಳ? ಬಂದಾಕಿನ್ನ ತಿರುಗಿ ಕಳಿಸಿ, ಯಾರನ್ನೂ ಕಳಿಸಲಿಲ್ಲ ಅಂತ ದೇವರ ಮ್ಯಾಲೆ ಸಿಟ್ಟಾದರ ಹ್ಯಾಂಗ?"

ಅಕ್ಕೋರು ಬೆರಳು ಮಡಿಸಿದರು. ಆರು ಸಲ ಬಂದಿದ್ದಳು.

ಅರವತ್ತೆರಡು ವರ್ಷದಲ್ಲಿ ಅವರು ಯಾರನ್ನೂ ಕೇಳದ ಮಾತು ಅದು. ಕಮಲವ್ವನ ಕಡೆ ತಿರುಗಿ ಕೇಳಿದರು...

"ಕಮಲವ್ವಾ... ಇವತ್ತ ಇರ್ತಿಯೇನ?"

ಕಮಲವ್ವ ಸೆರಗು ಸಿಕ್ಕಿಸಿ ಒಳಗೆ ಹೋದಳು. ಜಯವಂತರ ಬೆನ್ನ ಕೆಳಗೆ ಮಡಿಸಿದ ಚಾದರ ತೂರಿಸಿ, ಅದನ್ನೇ ಹಿಡಿದು ಎಳೆದು ಹಗುರಾಗಿ ಮಗ್ಗುಲು ಬದಲಿಸಿದಳು. ಅವರು ಹಾಯೆಂದು ಉಸಿರು ಬಿಟ್ಟರು.

ಅಂದು ಅಕ್ಕೋರು ಹತ್ತು ತಿಂಗಳಲ್ಲಿ ಮೊದಲ ಸಲ ಹಗಲು ನಿದ್ದೆ ಮಾಡಿದರು.

ಎದ್ದಾಗ ಸಂಜೆಯಾಗಿತ್ತು. ಕಮಲವ್ವ ಜಯವಂತರಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಅವಳ ಯಾವುದೋ ಮಾತಿಗೆ ಅವರು ಸೊಟ್ಟ ಬಾಯಲ್ಲೇ ನಗುತ್ತಿದ್ದರು.

ಅಕ್ಕೋರ ತಾಟಿನಲ್ಲೂ ಬಿಸಿ ರೊಟ್ಟಿ, ಪಲ್ಯ ಇತ್ತು. ಅವರು ಕಣ್ಣು ಮುಚ್ಚಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಶುರು ಮಾಡಿದರು. ಈ ದಿನದ ಆಹಾರ ಕೊಡು ಎನ್ನುವ ಮಾತಿಗೆ ಬಂದಾಗ ಅಲ್ಲೇ ನಿಂತರು...

ಚಿಕ್ಕಂದಿನಿಂದ ಬಾಯಿಪಾಠ ಹೇಳಿದ ಆ ಸಾಲನ್ನು ಅಂದು ಅವರು ಮೊದಲ ಸಲ ಬೇಡಿಕೊಂಡರು.

*

ದೇವರು ಆಯಾ ದಿನದ ಪಾಲನ್ನು ಆಯಾ ದಿನ ಕಳಿಸುತ್ತಾನೆ... ಬಹಳ ಸಲ ಅದು ಇನ್ನೊಬ್ಬರ ಕೈಯಲ್ಲಿ ಬರುತ್ತದೆ.

ನಿಮ್ಮ ಪ್ರಾರ್ಥನೆಗೆ ಉತ್ತರವಾಗಿ ಬಂದು, ನೀವೇ ಬೇಡವೆಂದು ಕಳಿಸಿದವರು ಯಾರಾದರೂ ಇದ್ದಾರಾ? ಒಮ್ಮೆ ನೆನಪು ಮಾಡಿಕೊಳ್ಳಿ...