ಹಸಿರು ದೀಪದ ಪೆಟ್ಟಿಗೆ

"ಸತ್ತವನು ಎದ್ದು ಬರೋ ವಿಷಯ ಹೊರಗೆ ಹೇಗ್ರೀ ಹೋಯ್ತು?"

ಮೇಜಿಗೆ ಬಿದ್ದ ಏಟಿಗೆ ನೀರಿನ ಲೋಟ ಉರುಳಿತು. ಧಾರಾವಾಹಿಯ ಕಥೆಗಾರ ತಲೆ ತಗ್ಗಿಸಿ ನಿಂತಿದ್ದ. ಚಾನೆಲ್ಲಿನ ಮುಖ್ಯಸ್ಥರು, ಸಿಬ್ಬಂದಿಯ ಬಾಯಲ್ಲಿ ರೇಟಿಂಗ್ ರಾಯರು, ಅವನನ್ನು ಕಣ್ಣಲ್ಲೇ ಸುಡುತ್ತಿದ್ದರು.

ನಡೆದದ್ದು ಇಷ್ಟೇ. ಹೋದ ವರ್ಷ ಸಾಯಿಸಿದ್ದ ನಾಯಕಿಯ ಗಂಡನನ್ನು ಇವರ ಧಾರಾವಾಹಿ ಸೋಮವಾರ ಬದುಕಿಸಿ ಮನೆಗೆ ಕರೆತಂದಿತ್ತು. ಮಂಗಳವಾರ ಎದುರು ಚಾನೆಲ್ಲಿನ ಧಾರಾವಾಹಿಯಲ್ಲೂ, ಸುಟ್ಟು ಬೂದಿಯಾಗಿದ್ದ ಗಂಡನೊಬ್ಬ ನಗುನಗುತ್ತಾ ಬಾಗಿಲು ತಟ್ಟಿದ.

"ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಸಾರ್. ನಾಚಿಕೆಗೆ ಹೆಂಡತಿಗೂ ಹೇಳಿರಲಿಲ್ಲ."

"ಹಾಗಾದ್ರೆ ಅವರಿಗೇನು ಕನಸು ಬಿತ್ತಾ?"

"ನಮಗೆ ಬಿದ್ದಿದ್ದು ಯಾರ ಕನಸು ಸಾರ್? ಅವನನ್ನ ಬದುಕಿಸಿ ಅಂದಿದ್ದು ತಾವೇ."

ರಾಯರು ಉರುಳಿದ ಲೋಟ ಎತ್ತಿಟ್ಟರು. ಉತ್ತರ ಗೊತ್ತಿತ್ತು, ಹೇಳುವಂತಿರಲಿಲ್ಲ.

ಸುದ್ದಿ ಓದುವವರಾಗಿ ಸೇರಿ, ಮೇಲಿನವರು ಬಿದ್ದಾಗಲೆಲ್ಲ ಒಂದೊಂದು ಮೆಟ್ಟಿಲು ಹತ್ತಿ, ಮುಖ್ಯಸ್ಥರ ಕುರ್ಚಿಗೆ ಬಂದವರು ಅವರು. ಈಚೆಗೆ ಒಂದು ಪತ್ರಿಕೆ ಅವರ ವೃತ್ತಿಜೀವನವನ್ನು ಹೊಗಳಿ, "ಬಿಡುವಿನ ವೇಳೆಯಲ್ಲಿ ವೃದ್ಧರ ಸೇವೆ" ಎಂದು ಬರೆದು, ಅವರು ಒಂಟಿ ಅಜ್ಜಿಯೊಬ್ಬರ ಗೋಡೆಗೆ ಬಣ್ಣ ಬಳಿಯುವ ಚಿತ್ರ ಹಾಕಿತ್ತು. ಚಿತ್ರ ನೋಡಿದ ರಾಯರ ಹೆಂಡತಿ ಒಂದೇ ಮಾತು ಹೇಳಿದ್ದರು: "ನಮ್ಮ ಮನೆ ಕೊಳಾಯಿ ಮೂರು ತಿಂಗಳಿಂದ ಸೋರ್ತಾ ಇದೆ. ನನ್ನನ್ನೂ ಒಂಟಿ ಅಜ್ಜಿ ಅಂದ್ಕೊಂಡು ಒಂದಿನ ಬನ್ನಿ."

ಸೇವೆಯ ಬೇರು ಬೇರೆಲ್ಲೋ ಇತ್ತು.

ಜನ ಯಾವ ಚಾನೆಲ್ ನೋಡುತ್ತಾರೆಂದು ಅಳೆಯಲು ಕೆಲವೇ ಮನೆಗಳಲ್ಲಿ ಟಿವಿಗೆ ಒಂದು ಪುಟ್ಟ ಯಂತ್ರ ಜೋಡಿಸಿರುತ್ತಾರೆ. ಯಾವ ಮನೆ ಎಂಬುದು ಪರಮ ಗುಟ್ಟು. ಆ ಕೆಲವು ಮನೆಗಳವರು ಆಕಳಿಸಿದರೆ ಸಾಕು, ಚಾನೆಲ್ಲುಗಳಲ್ಲಿ ತಲೆಗಳು ಉರುಳುತ್ತವೆ. ಹಿಂದೊಮ್ಮೆ ಯಾವುದೋ ಸ್ಪರ್ಧೆಯ ಬಹುಮಾನ ಕೊಡಲು ರಾಯರು ಈ ಅಜ್ಜಿಯ ಮನೆಗೆ ಹೋಗಿದ್ದರು. ಟಿವಿಯ ಪಕ್ಕ ಬೂದು ಬಣ್ಣದ ಪೆಟ್ಟಿಗೆ. ಅದರ ಮೇಲೆ ಉರಿಯುವ ಹಸಿರು ದೀಪ. ಹಿಂದಿನಿಂದ ಹೊರಟ ತಂತಿ. ರಾಯರು ಬಹುಮಾನ ಮರೆತು ಅತ್ತ ಬಾಗಿದರು.

"ಅಮ್ಮಾ, ಇದು...?"

ಅಜ್ಜಿ ಅವರ ಮುಖವನ್ನೊಮ್ಮೆ ನೋಡಿದರು. "ಅದನ್ನ ಮುಟ್ಟಬೇಡಪ್ಪ. ಅದರ ವಿಷಯ ಕೇಳಲೂಬೇಡ."

ಇನ್ನು ಕೇಳುವುದೇನಿತ್ತು! ಅಂದಿನಿಂದ ಪ್ರತಿ ಶನಿವಾರ ರಾಯರು ಅಲ್ಲಿ ಹಾಜರು. ಕೊಳಾಯಿ ಬಿಗಿದರು, ಕಿಟಕಿಗೆ ಗಾಜು ಕೂರಿಸಿದರು. ರೇಡಿಯೋ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಅಜ್ಜಿಗೆ ಮಾತಾಡಲು ಯಾರೂ ಇರಲಿಲ್ಲ. "ಕತ್ತಲು ಅಂದ್ರೆ ಆಗ್ತಿರಲಿಲ್ಲ ಅವರಿಗೆ. ಕೈಗೆ ಸಿಕ್ಕಿದ್ದಕ್ಕೆಲ್ಲ ಒಂದು ದೀಪ ಕೂರಿಸೋರು," ಎನ್ನುತ್ತಾ ಅವರು ಕಣ್ಣೊರೆಸಿಕೊಂಡರೆ, ರಾಯರು ಒಂದು ಕಣ್ಣು ಪೆಟ್ಟಿಗೆಯ ಮೇಲಿಟ್ಟು ಹೂಂಗುಟ್ಟುತ್ತಿದ್ದರು. ಮೊಳೆ ಬೇಕೆಂದರೆ ಅಜ್ಜಿ, "ನೀನು ಹಿತ್ತಲಿಂದ ಏಣಿ ತಾರಪ್ಪ, ಅಷ್ಟರಲ್ಲಿ ಹುಡುಕಿರ್ತೀನಿ" ಎನ್ನುವರು. ಏಣಿ ಬರುವಷ್ಟರಲ್ಲಿ ಬೇಕಾದ ಅಳತೆಯ ಮೊಳೆಯೇ ಸಿದ್ಧ.

"ಛಾವಣಿ ಸೋರ್ತಿದೆಯಲ್ಲಮ್ಮಾ, ನೋಡಲಾ?"

"ಬೇಡಪ್ಪ. ಅದು ಹಾಗೇ ಇರಲಿ. ನೀನು ಶನಿವಾರ ಗೋಡೆ ನೋಡ್ಕೊ ಸಾಕು. ಬೇರೆ ದಿನ ಮಾತ್ರ ಬರಬೇಡ, ನಾನು ಧ್ಯಾನದಲ್ಲಿರ್ತೀನಿ."

ಎಂಥ ನಿಸ್ಪೃಹ ಜೀವ ಎಂದು ರಾಯರು ಕೈ ಮುಗಿದಿದ್ದರು. ವಾರ್ತೆಯವರು ಕಿರುಚುತ್ತಾರೆ ಎಂದು ಅಜ್ಜಿ ಅಂದರೆ, ಸೋಮವಾರದಿಂದ ವಾರ್ತೆಯವರು ಪಿಸುಗುಟ್ಟುತ್ತಿದ್ದರು. ಒಂದು ಶನಿವಾರ ಅಜ್ಜಿ ಟಿವಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದ್ದರು: "ಪಾಪ, ಅವಳ ಗಂಡನ್ನ ಯಾಕಪ್ಪಾ ಸಾಯಿಸಿದ್ರಿ? ದೇವರಂತೂ ವಾಪಸ್ ಕಳಿಸಲ್ಲ. ನಿಮ್ಮ ಕೈಲಿ ಆಗುತ್ತಲ್ಲ."

ದೇವರು ಮಾಡದ್ದನ್ನು ಚಾನೆಲ್ ಮಾಡಿತು. ಆದರೂ ರೇಟಿಂಗ್ ಬಿತ್ತು. ಮಾಲೀಕರು ಕರೆದು ಬೆಣ್ಣೆಯಂಥ ದನಿಯಲ್ಲಿ, "ಈ ವಾರವೂ ಏಳದಿದ್ದರೆ, ಶುಕ್ರವಾರದಿಂದ ನೀವು ವೃದ್ಧರ ಸೇವೆಯನ್ನೇ ಪೂರ್ತಿ ಹೊತ್ತು ಮಾಡಬಹುದು ನೋಡಿ," ಎಂದಿದ್ದರು.

ರಾಯರು ಕಥೆಗಾರನನ್ನು ಹೊರಗೆ ಕಳಿಸಿ ಯೋಚಿಸಿದರು. ಕಳ್ಳ ಯಾರು? ಎದುರು ಚಾನೆಲ್ಲಿನ ಬೋಳುತಲೆ ಮುಖ್ಯಸ್ಥ ಹೋದ ವಾರ ಸಮಾರಂಭವೊಂದರಲ್ಲಿ ಸಿಕ್ಕಿದ್ದ. ಹೆಬ್ಬೆರಳಿಗೆ ಬ್ಯಾಂಡೇಜು. ಏನಾಯಿತೆಂದು ಕೇಳಿದರೆ, "ಟೆನಿಸ್ ಆಡುವಾಗ" ಎಂದು ಹಲ್ಲು ಕಿರಿದಿದ್ದ. ಅವನ ಮುಖ ನೆನೆದು ರಾಯರಿಗೆ ರಕ್ತ ಕುದಿಯಿತು. ಅಂದು ಬುಧವಾರ. ಧ್ಯಾನ ಗೀನ ನೋಡುವ ಕಾಲ ಇದಲ್ಲ. ಅಜ್ಜಿಯ ಕಾಲು ಹಿಡಿದಾದರೂ ಶುಕ್ರವಾರದವರೆಗೆ ತಮ್ಮ ಚಾನೆಲ್ಲನ್ನೇ ಹಾಕಿಸಬೇಕು.

ಅಜ್ಜಿಯ ಮನೆಯ ಗೇಟಿನ ಹತ್ತಿರವೇ ಕಾಲು ನಿಂತಿತು. ಒಳಗಿನಿಂದ ಎದುರು ಚಾನೆಲ್ಲಿನ ಹಾಡು ಕೇಳುತ್ತಿತ್ತು. ಮೇಲಿನಿಂದ ಟಪ್ ಟಪ್ ಸದ್ದು. ತಲೆಯೆತ್ತಿದರೆ ಛಾವಣಿಯ ಮೇಲೆ, ಪ್ಯಾಂಟು ಮೊಣಕಾಲಿಗೆ ಮಡಚಿ, ಸುತ್ತಿಗೆ ಹಿಡಿದು ಬೋಳುತಲೆಯೊಂದು ಬಿಸಿಲಿಗೆ ಮಿಂಚುತ್ತಿತ್ತು.

ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಟೆನಿಸ್ಸಾ?" ಎಂದರು ರಾಯರು, ತಗ್ಗಿದ ದನಿಯಲ್ಲಿ.

"ಸೇವೆ," ಎಂದ ಅವನೂ ಅಷ್ಟೇ ಮೆಲ್ಲಗೆ. "ತಾವು?"

"ಸೇವೆ."

ಪೆಟ್ಟಿಗೆಯ ಮಾತು ಇಬ್ಬರೂ ಎತ್ತಲಿಲ್ಲ. ಎದುರಾಳಿಗೆ ಗೊತ್ತಿರದಿದ್ದರೆ ಹೇಳಿ ಕೆಡುವುದೇಕೆ? ಬೋಳುತಲೆಯವನು ಏನೂ ಆಗದವನಂತೆ ಒಳಗೆ ಕೂಗಿದ: "ಅಮ್ಮಾ, ಇನ್ನೊಂದೆರಡು ಮೊಳೆ ಬೇಕಾಗಿತ್ತು. ಏಣಿ ಇಲ್ಲೇ ಇದೆ."

"ತಂದೆ ಇರಪ್ಪ!"

ತೆರೆದ ಬಾಗಿಲಿನಿಂದ ರಾಯರು ನೋಡಿದರು. ಅಜ್ಜಿ ಎದ್ದು ಟಿವಿಯ ಹತ್ತಿರ ಹೋದರು. ಹಸಿರು ದೀಪದ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಗಲಗಲ ಕೈಯಾಡಿಸಿ, ಛಾವಣಿಗೆ ಆಗುವಂಥ ಎರಡು ಉದ್ದನೆಯ ಮೊಳೆ ಆರಿಸಿಕೊಂಡರು.