ನಾದಿನಿಯ ವಾರ್ಡು

ಅತ್ತಿಗೆಯ ಕೈ ಚಿಲಕದ ಮೇಲಿತ್ತು. ಸದ್ದಾಗದಂತೆ ಅರ್ಧ ಸರಿಸಿದ್ದಳು.

“ಎಲ್ಲಿಗೆ?” ನಾದಿನಿಯ ದನಿ ಬೆನ್ನಿಗೆ ಬಿತ್ತು.

“ಎಲ್ಲೂ ಇಲ್ಲ. ಮೂಲೆ ಅಂಗಡೀಲಿ ದಾರ ತರೋಣ ಅಂತ.”

“ದಾರ ತಗೊಂಡು ಏನು ಹೊಲೀತೀರಿ? ನನ್ನ ಬಾಯಿನಾ?”

ಚಿಲಕ ಮತ್ತೆ ಸ್ವಸ್ಥಾನಕ್ಕೆ ಹೋಯಿತು.

ಹೊಲಿಯುವುದಕ್ಕೆ ನಿಜಕ್ಕೂ ಏನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಮಿಷನ್ನು ಎರಡು ತಿಂಗಳಿಂದ ಚಾದರ ಹೊದ್ದು ಕೂತಿತ್ತು. ಬಟ್ಟೆಯ ದೂಳು ಆಗದು ಎಂದು ನಾದಿನಿ ಮೊದಲ ವಾರವೇ ಅದನ್ನು ನಿಲ್ಲಿಸಿದ್ದಳು. ಗಿರಾಕಿಗಳು ಬಂದರೆ ಜಾಲರಿ ಬಾಗಿಲ ಆಚೆಯಿಂದಲೇ ಮಾತು. ತುಂಬ ಸೊರಗಿದ್ದೀರಿ, ಧೈರ್ಯ ಬಿಡಬೇಡಿ ಎಂದು ಅತ್ತಿಗೆಗೆ ಹೇಳುವರು. ಅವಳ ಹಿಂದೆ ನಾದಿನಿ ಕಂಡ ಕೂಡಲೇ ಜಾರಿಕೊಳ್ಳುವರು.

ಮನೆಯಲ್ಲಿ ಇಬ್ಬರೇ. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ ಆಗಿದ್ದವನು ತೀರಿಕೊಂಡು ಆರು ವರ್ಷ. ನಾದಿನಿ ಮದುವೆಯಾದವಳಲ್ಲ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದವಳು. ಕ್ಯಾನ್ಸರ್ ಮನೆಯೊಳಗೇ ಬಂದಾಗ ಅವಳು ಮನೆಯನ್ನೇ ವಾರ್ಡು ಮಾಡಿದಳು. ತಲೆಗೆ ಬಿಳಿ ಬಟ್ಟೆ ಕಟ್ಟಿದಳು, ಗೋಡೆಗೆ ಚಾರ್ಟು ಅಂಟಿಸಿದಳು. ಅತ್ತಿಗೆ ದಿನಕ್ಕೆ ಮೂರು ಸಲ ಜ್ವರ ನೋಡಿಕೊಳ್ಳಬೇಕು. ಗಳಿಗೆಗೊಮ್ಮೆ ಸೋಪು ಹಾಕಿ ಕೈ ತೊಳೆಯಬೇಕು. ಹಸಿ ತರಕಾರಿ ಇಲ್ಲ, ಸಂತೆ ಇಲ್ಲ, ಜನ ಸೇರಿದ ಕಡೆ ಕಾಲಿಡುವಂತಿಲ್ಲ. ಅಡುಗೆಮನೆಯಲ್ಲಿ ಈರುಳ್ಳಿ ಹುರಿದು ಯಾವ ಕಾಲವಾಯಿತೋ. ಇಬ್ಬರಿಗೂ ಅದೇ ಸಪ್ಪೆ ಗಂಜಿ.

“ನೀವು ಉಂಡ್ರೆ ನಾನೂ ಉಣ್ತೀನಿ,” ಎನ್ನುತ್ತಿದ್ದಳು ನಾದಿನಿ. ಅತ್ತಿಗೆ ಕಣ್ಣು ಮುಚ್ಚಿ ನುಂಗುತ್ತಿದ್ದಳು.

ಊಟವಾದ ಮೇಲೆ ವಾರ್ಡಿನ ಹಳೆಯ ಕಥೆಗಳು. ಹಲ್ಲಿನ ಸೆಟ್ಟು ಕಳೆದುಕೊಂಡು ಪಕ್ಕದ ಮಂಚದವನದ್ದು ಹಾಕಿಕೊಂಡ ಮುದುಕನ ಕಥೆಯನ್ನು ಅತ್ತಿಗೆ ಹದಿನೈದು ಸಲ ಕೇಳಿದ್ದಳು. ಆದರೂ ನಗಬೇಕು. ನಗದಿದ್ದರೆ ನಾದಿನಿಯ ಮುಖ ಬಾಡುತ್ತಿತ್ತು. ಜೈಲಾದರೂ ವಾಸಿ, ಅಲ್ಲಿ ಏನಾದರೂ ತಪ್ಪು ಮಾಡಿಯಾದರೂ ಹೋಗಿರುತ್ತೇವೆ ಎಂದು ಒಮ್ಮೊಮ್ಮೆ ಅನಿಸುವುದು. ಹಾಗೆ ಅನಿಸಿದ್ದಕ್ಕೆ ತನ್ನನ್ನೇ ಬೈದುಕೊಳ್ಳುವಳು.

ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ. ಮೂರು ಮುಗಿದಿತ್ತು, ಮೂರು ಬಾಕಿ. ರಕ್ತದ ಬಿಳಿ ಕಣ ಇಳಿದಿರುವಾಗ ನೆಗಡಿಯೂ ಹುಲಿಯಾಗುತ್ತದೆ ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

ಅತ್ತಿಗೆಯ ಮಗಳಿಗೆ ಕೂಸು ಹುಟ್ಟಿ ತಿಂಗಳಾಗಿತ್ತು. ಅಜ್ಜಿ ಇನ್ನೂ ಮುಖ ನೋಡಿರಲಿಲ್ಲ. ಅಮ್ಮನನ್ನು ಎರಡು ದಿನ ಕಳಿಸಿ, ಗಾಳಿ ಬದಲಾದರೆ ಒಳ್ಳೆಯದು ಎಂದು ಮಗಳು ಫೋನಿನಲ್ಲಿ ಕೇಳಿದ್ದಳು. ಆರೂ ಮುಗಿಯುವ ತನಕ ಅದರ ಮಾತೇ ಬೇಡ ಎಂದಿದ್ದಳು ನಾದಿನಿ.

ಚಿಲಕ ಸರಿಸಲು ಹೋಗಿ ಸಿಕ್ಕಿಬಿದ್ದ ಮರುದಿನ ಮಧ್ಯಾಹ್ನ ನಾದಿನಿಗೆ ಗಾಢ ನಿದ್ದೆ. ಅತ್ತಿಗೆ ಬಸ್ ನಿಲ್ದಾಣಕ್ಕೆ ಓಡಿದಳು. ಗುಟ್ಟಾಗಿ ಫೋನಿನಲ್ಲಿ ಹೇಳಿದ್ದಂತೆ ಮಗಳು ಕೂಸನ್ನು ಎತ್ತಿಕೊಂಡು ಬಂದಿದ್ದಳು. ಹತ್ತೇ ನಿಮಿಷ. ಕೂಸಿನ ಮೂಗು ಸೋರುತ್ತಿತ್ತು. ಕಂಡರೂ ಕೆನ್ನೆಗೆ ಕೆನ್ನೆ ಒತ್ತಿದಳು.

ಅದಾಗಿ ಮೂರನೆಯ ಬೆಳಿಗ್ಗೆ ನಾಲ್ಕನೆಯ ಕೀಮೋ. ಅತ್ತಿಗೆ ಬೇಗ ಎದ್ದಳು. ಬಚ್ಚಲ ಜಾಲರಿಯಲ್ಲಿ ಮತ್ತೆ ಕೂದಲು. ನಾದಿನಿಯ ಕಣ್ಣಿಗೆ ಬೀಳಬಾರದೆಂದು ಬಾಚಿ ತೆಗೆದು ಕಾಗದದಲ್ಲಿ ಸುತ್ತಿ ಎಸೆದಳು. ಗಂಟಲು ಕೆರೆಯುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದರೆ ನೂರಾ ಒಂದು.

“ಎಷ್ಟಿದೆ?” ಬಚ್ಚಲಿಂದ ನಾದಿನಿ ಕೂಗಿದಳು.

ಅತ್ತಿಗೆ ಕೊಡವಿ ಪಾದರಸ ಇಳಿಸಿದಳು. “ತೊಂಬತ್ತೆಂಟು.”

ಇವತ್ತಿನದು ತಪ್ಪುವಂತಿರಲಿಲ್ಲ. ಹಿಂದಿನ ಸಲ ಆ ಕುರ್ಚಿಯಲ್ಲಿ ಹಿಡಿದ ನಡುಕ ನೆನಪಿತ್ತು. ಅಂದು ನಾಲ್ಕು ಗಂಟೆ ಹೊತ್ತು ಇಬ್ಬರೂ ಒಬ್ಬರ ಕೈ ಒಬ್ಬರು ಬಿಟ್ಟಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಾದಿನಿ ಅತ್ತಿಗೆಯ ರಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದಳು, ಓಡಿಹೋಗುವ ಕಳ್ಳನನ್ನು ಹಿಡಿದಂತೆ. ಇಬ್ಬರ ಮುಖಕ್ಕೂ ಮಾಸ್ಕು. ಡ್ರಿಪ್ಪಿನ ಕೋಣೆಯ ಬಾಗಿಲಲ್ಲಿ ನರ್ಸು ಇಬ್ಬರನ್ನೂ ನೋಡಿ, ಜ್ವರ, ಕೆಮ್ಮು ಏನಾದರೂ ಉಂಟೇ ಎಂದು ವಾಡಿಕೆಯಂತೆ ಕೇಳಿದಳು.

ಇಲ್ಲ ಎಂದಳು ನಾದಿನಿ, ಇಬ್ಬರ ಪರವಾಗಿ.

ಹೇಳಿದರೆ ಬಾಗಿಲಲ್ಲೇ ತಡೆಯುತ್ತಾರೆ. ಹೇಳದಿದ್ದರೆ ಜೀವಕ್ಕೇ ಕುತ್ತು. ನರ್ಸು ಬಾಗಿಲು ತೆರೆದು ಹಿಡಿದಳು.

“ನನಗೆ ಜ್ವರ ಇದೆ,” ಎಂದಳು ಅತ್ತಿಗೆ. “ಬೆಳಿಗ್ಗೆ ನೂರಾ ಒಂದಿತ್ತು. ಸುಳ್ಳು ಹೇಳ್ದೆ.”

ರಟ್ಟೆಯ ಮೇಲಿನ ಹಿಡಿತ ಸಡಿಲಾಯಿತು. ಮಾತುಮಾತಿಗೆ ಗದರುವವಳು ಈಗ ಗದರಲಿಲ್ಲ.

“ಯಾಕೆ ಅತ್ತಿಗೆ?”

“ಹೇಳಿದ್ರೆ ನೀನು ಇಲ್ಲೀಗಂಟ ಬರೋಕೆ ಬಿಡ್ತಿರ್ಲಿಲ್ಲ.”

ನರ್ಸು ಎರಡು ಹೆಜ್ಜೆ ಹಿಂದೆ ಸರಿದಳು. ಜ್ವರ ಪೂರ್ತಿ ಬಿಟ್ಟು ವಾರ ಕಳೆಯುವ ತನಕ ಈ ಬಾಗಿಲು ದಾಟುವಂತಿಲ್ಲ ಎಂದು ಅತ್ತಿಗೆಗೆ ಹೊರಗಿನ ಬೆಂಚು ತೋರಿಸಿದಳು. ಅತ್ತಿಗೆ ಕೂತಳು.

ನಾದಿನಿ ದೂರವೇ ನಿಂತು ಅವಳನ್ನು ನೋಡಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ನಕ್ಕಿತು.

“ವಾರದ ಮಟ್ಟಿಗೆ ನನ್ನ ಕಾಟ ತಪ್ಪಿತಲ್ಲ. ಸುಧಾರಿಸ್ಕೊಳ್ಳಿ.”

ಎರಡು ತಿಂಗಳು ಯಾವ ಬಿಡುಗಡೆಗೆ ಹಂಬಲಿಸಿದ್ದಳೋ ಅದು ಬೆಂಚಿನ ತನಕ ಬಂದು ಪಕ್ಕದಲ್ಲಿ ಕೂತಿತ್ತು. ಅತ್ತಿಗೆ ಎದ್ದು, ಬಾಗಿಲ ಗಾಜಿಗೆ ಹಣೆ ಒತ್ತಿದಳು.

ಒಳಗೆ ಆರು ಕುರ್ಚಿಗಳಲ್ಲಿ ಒಂದು ಮಾತ್ರ ಖಾಲಿಯಿತ್ತು; ನಾದಿನಿ ಒಬ್ಬಳೇ ಹೋಗಿ ಅದರಲ್ಲಿ ಕೂತು, ರವಿಕೆಯ ತೋಳು ಮಡಿಚಿ, ಸೂಜಿಗೆ ಕೈ ಚಾಚಿದಳು.