ಆರು ಗಂಟೆ ಐದು ನಿಮಿಷ

"ಸಮಯ, ಏಳು ಗಂಟೆ ಐವತ್ತೈದು ನಿಮಿಷ," ಎಂದಳು ಶಿವಕುಮಾರಿ ಮೈಕಿಗೆ. ಒಂದುಸಿರು ಬಿಟ್ಟು, "ಸಮಯ, ಎಂಟು ಗಂಟೆ." ಸ್ಟುಡಿಯೋ ಗಡಿಯಾರದಲ್ಲಿ ಆಗ ಮಧ್ಯಾಹ್ನ ಮೂರೂಕಾಲು. ಬೆಳಗಿನ ಆರು ಗಂಟೆಯ ಸಾಲಿನಿಂದ ಹಿಡಿದು ರಾತ್ರಿ ಎಂಟರದ್ದರವರೆಗೆ ಐದೈದು ನಿಮಿಷಕ್ಕೊಂದರಂತೆ ಹೇಳಿ ಹೇಳಿ ಬಾಯಿ ಒಣಗಿತ್ತು. ಗಾಜಿನಾಚೆ ರೆಕಾರ್ಡ್ ಮಾಡುತ್ತಿದ್ದ ಕಶ್ಯಪ್ ಯಾಕೋ ತಲೆಯೆತ್ತುತ್ತಿರಲಿಲ್ಲ.

ಡ್ಯೂಟಿಯವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಇರಲಿ ಅಂತ ನಾಲ್ಕು ಸಾಲು ರೆಕಾರ್ಡ್ ಮಾಡಿಡುವುದು ರೇಡಿಯೋದವರ ಹಳೇ ರೂಢಿ. ಇದೂ ಅಂಥದ್ದೇ ಅಂದುಕೊಂಡು ಚಾಮರಾಜಪೇಟೆಯಿಂದ ಬಸ್ಸು ಹತ್ತಿದ್ದಳು. ಇಡೀ ದಿನದ್ದು ಯಾಕಪ್ಪಾ ಎಂದು ಕಡೆಗೆ ಕೇಳಿಯೇಬಿಟ್ಟಳು.

"ಒಂದನೇ ತಾರೀಕಿಂದ ಡ್ಯೂಟಿಗೆ ಯಾರೂ ಇರಲ್ಲ ಮೇಡಂ," ಕಶ್ಯಪ್ ದನಿ ಸ್ಪೀಕರಿನಲ್ಲಿ ಬಂತು. "ನಿಮ್ ವಾಯ್ಸ್ ಕಂಪ್ಯೂಟರ್‌ಗೆ ಹಾಕ್ತಾರೆ. ನಿಮಗೆ ಹೇಳಿರ್ತಾರೆ ಅಂದ್ಕೊಂಡೆ."

ಹಂಗಾಮಿ ಅನೌನ್ಸರ್ ಆಗಿ ಇಪ್ಪತ್ತೊಂದು ವರ್ಷ. ತಿಂಗಳಿಗೆ ಆರೇ ಡ್ಯೂಟಿ. ಏಳನೆಯದು ಕೊಟ್ಟರೆ ಎಲ್ಲಿ ಖಾಯಂ ಕೆಲಸ ಕೇಳಿಬಿಡುತ್ತಾಳೋ ಅಂತ ಆಫೀಸಿನವರಿಗೆ ಭಯ. ಅಷ್ಟೂ ವರ್ಷ ಗಡಿಯಾರ ನೋಡದೆ ಒಂದು ಸಲವೂ ಅವಳು ಸಮಯ ಹೇಳಿದವಳಲ್ಲ. ಓಕಳಿಪುರಂನಲ್ಲಿ ಇಡ್ಲಿ ಹೋಟೆಲಿಟ್ಟಿರುವ ಪುಟ್ಟಯ್ಯ ಅವಳ ಡ್ಯೂಟಿಯ ದಿನ ಅವಳು ಆರು ಗಂಟೆ ಐದು ನಿಮಿಷ ಅಂದರೇನೇ ಮೊದಲ ಒಬ್ಬೆ ಇಡ್ಲಿ ಒಲೆಯಿಂದ ಇಳಿಸುವುದು. ಒಮ್ಮೆ ಎರಡು ನಿಮಿಷ ತಡವಾದದ್ದಕ್ಕೆ, "ಏನಕ್ಕಾ, ನಿಮ್ಮಿಂದ ನನ್ ಇಡ್ಲಿ ಕಲ್ಲಾಯ್ತಲ್ಲ," ಎಂದು ಫೋನಿನಲ್ಲೇ ಜಗಳಕ್ಕೆ ಬಂದಿದ್ದ.

ಕಾರ್ಯಕ್ರಮ ಮುಖ್ಯಸ್ಥ ಅನಿಲ್ ಕುಮಾರ್ ಕರಾರು ಪತ್ರ ಹಿಡಿದುಕೊಂಡೇ ಒಳಗೆ ಬಂದ. ರೆಕಾರ್ಡಿಂಗ್ ಮೊದಲು, ಸಹಿ ಆಮೇಲೆ. ಸಹಿಯಿಲ್ಲದ ದನಿ ಪ್ರಸಾರಕ್ಕೆ ಹೋಗುವ ಹಾಗಿಲ್ಲ. ಸರ್ಕಾರ ಅನುದಾನ ಕತ್ತರಿಸಿದೆ, ಬಜೆಟ್ಟಿನಲ್ಲಿ ಅನೌನ್ಸರುಗಳ ಹೆಡ್ಡಿಗೆ ಈ ವರ್ಷ ಒಂದು ರೂಪಾಯಿಯೂ ಇಲ್ಲ, ಹಾಡು ಮಾತು ಎಲ್ಲ ಇನ್ನು ಬೇರೆಲ್ಲಿಂದಲೋ ಬರುತ್ತದೆ, ನಡುವೆ ಸಮಯವೊಂದು ಕನ್ನಡದಲ್ಲಿದ್ದರೆ ಸಾಕಂತೆ. ಹಾಗಾದರೆ ಗೇಟಿಗೆ ಗ್ರಾನೈಟ್ ಹಾಕಿಸಲು ದುಡ್ಡೆಲ್ಲಿತ್ತು ಎಂದಳು ಶಿವಕುಮಾರಿ.

"ಅದು ಬೇರೆ ಹೆಡ್ ಮೇಡಂ."

"ನನ್ ಗಂಟಲು ಯಾವ ಹೆಡ್ಡಿಗೆ ಬರುತ್ತೆ ಸಾರ್?"

ಅನಿಲ್ ಕುಮಾರ್ ನಕ್ಕ. ಪತ್ರವನ್ನು ಮೈಕಿನ ಪಕ್ಕ ಹರಡಿ, ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ನಿಟ್ಟ. "ಒಂದೇ ಸಲಕ್ಕೆ ಒಳ್ಳೇ ಪೇಮೆಂಟ್ ಮಾಡಿಸಿದೀನಿ. ನೀವು ಆರಾಮಾಗಿ ಮನೇಲಿ ಮಲಗಿರಿ, ನಿಮ್ ದನಿ ದಿನಾ ಬರುತ್ತೆ. ನೀವು ಹೋದ್ಮೇಲೂ ಬರುತ್ತೆ. ಯಾರಿಗುಂಟು ಈ ಭಾಗ್ಯ?"

"ಮೆಷಿನ್ನು ಹತ್ತು ನಿಮಿಷ ಹಿಂದೆ ಬಿದ್ರೆ? ಆರೂಕಾಲಿಗೆ ಆರು ಐದು ಅಂತಿರ್ತೀನಿ. ಜನ ಬಯ್ಯೋದು ಮೆಷಿನ್ನನ್ನಾ, ನನ್ನನ್ನಾ?"

"ಅಯ್ಯೋ, ಈಗ ರೇಡಿಯೋ ಯಾರ್ ಕೇಳ್ತಾರೆ ಬಿಡಿ ಮೇಡಂ."

ಶಿವಕುಮಾರಿ ಪೆನ್ನಿನ ಮುಚ್ಚಳ ಹಾಕಿದಳು. ಗಾಜಿನಾಚೆ ಕಶ್ಯಪ್ ಈಗ ತಲೆಯೆತ್ತಿದ್ದ. ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳು ಗೋಡೆಯ ಗಡಿಯಾರ ನೋಡಿ, ಮೈಕಿಗೆ ಬಾಗಿ, ಬೆಳಗಿನ ಪ್ರಸಾರದ ಅದೇ ನಿಧಾನದ ದನಿಯಲ್ಲಿ ಹೇಳಿದಳು:

"ಸಮಯ, ಮೂರು ಗಂಟೆ ಇಪ್ಪತ್ತೆರಡು ನಿಮಿಷ. ನಾನು ಸಹಿ ಹಾಕಲ್ಲ."